ಎರಡು ಬೆರಳಗಲ ನೀಲಿ

ಪ್ಯಾಂಟಿನ ತುದಿಯಲ್ಲಿ ಮಾತ್ರ ಕಡುನೀಲಿ, ಮೇಲೆಲ್ಲ ಒಗೆದೊಗೆದು ಬಿಳಿಚಿಕೊಂಡ ನೀಲಿ, ಇದೇನು ವೇಷ — ಓಹೋ, ಸ್ಕೂಲ್ ಯೂನಿಫಾರ್ಮ್ ತೊಡಿಸಿ ಕೋರ್ಟಿಗೆ ತಂದಿದ್ದಾರೆ, ನೋಡಿ ಸ್ವಾಮಿ, ಪಾಪ ಇನ್ನೂ ಮಗು ಎಂದು ತೋರಿಸಲು, ಯಾರ ಕಣ್ಣಿಗೆ ಮಣ್ಣೆರಚುತ್ತೀರಿ, ಹದಿನಾರು ತುಂಬಿದೆ, ಮೀಸೆ ಚಿಗುರಿದೆ, ನಮ್ಮ ಹೊಲಿಗೆ ಅಂಗಡಿಗೆ ನುಗ್ಗಿ ಗಲ್ಲಾಪೆಟ್ಟಿಗೆಗೆ ಕೈ ಹಾಕಿದಾಗ, ನನ್ನ ಗಂಡ ಆ ಕೈ ಹಿಡಿದಾಗ, ಮೇಜಿನ ಮೇಲಿದ್ದ ಕತ್ತರಿಯನ್ನೇ ಎತ್ತಿ ಅವರಿಗೆ ಚುಚ್ಚಿದಾಗ ಎಲ್ಲಿ ಹೋಗಿತ್ತು ಈ ಮಗು. ಅವನ ವಕೀಲ ಎದ್ದಿದ್ದಾನೆ, ಹಾಲುಗಲ್ಲದ ಹುಡುಗ ಸ್ವಾಮಿ, ತಿಳಿವಳಿಕೆ ಸಾಲದು, ಮಕ್ಕಳ ಗೃಹಕ್ಕೆ ಕಳಿಸಿ, ತಿದ್ದಿಕೊಳ್ತಾನೆ — ಥೂ, ಕೋಟಿನ ಗುಂಡಿಯನ್ನು ನೆಟ್ಟಗೆ ಹಾಕಿಕೊಳ್ಳಲು ಬಾರದವನು, ಬಂದುಬಿಟ್ಟ ಇನ್ನೊಬ್ಬರ ತಿಳಿವಳಿಕೆ ಅಳೆಯಲು. ನಮ್ಮ ಕಡೆಯ ವಕೀಲನೇನು ಕಡಿಮೆಯೇ, ಮೈ ಬೆಳೆದಿದೆ ಸ್ವಾಮಿ, ಮನಸ್ಸೂ ಬೆಳೆದಿದೆ, ದೊಡ್ಡವರ ಕೋರ್ಟಿಗೇ ಹೋಗ್ಲಿ ಎನ್ನುತ್ತಲೇ ಗಡಿಯಾರ ನೋಡುತ್ತಾನೆ, ಊಟದ ಹೊತ್ತಲ್ಲವೇ. ಇವರಿಬ್ಬರ ನಡುವೆ ಆ ಮನಶ್ಶಾಸ್ತ್ರದ ಮೇಡಮ್, ಕತ್ತರಿ ಚುಚ್ಚಿದ್ರೆ ಏನಾಗತ್ತೆ ಪುಟ್ಟಾ ಎಂದು ಕೇಳಿದಳಂತೆ, ರಕ್ತ ಬರತ್ತೆ ಮೇಡಮ್ ಅಂದನಂತೆ, ಸರಿ, ಪರಿಣಾಮ ಗೊತ್ತಿದೆ, ದೊಡ್ಡವರ ಬುದ್ಧಿಯೇ ಇದೆ ಎಂದು ಬರೆದಳಂತೆ, ಆಹಾ, ನಮ್ಮ ಬೀದಿಯ ಮೂರು ವರ್ಷದ ಕೂಸೂ ಅದನ್ನೇ ಹೇಳುತ್ತಿತ್ತು, ಅದನ್ನೂ ಜೈಲಿಗೆ ಹಾಕುತ್ತೀಯೇನಮ್ಮ — ಅಯ್ಯೋ, ನಾನು ಯಾರ ಕಡೆ ಮಾತಾಡುತ್ತಿದ್ದೇನೆ, ಬಾಯಿ ಮುಚ್ಚು. ಪಕ್ಕದಲ್ಲಿ ಮೈದುನ ಮೊಣಕೈಯಿಂದ ತಿವಿಯುತ್ತಾನೆ, ಅತ್ತಿಗೆ, ಜಡ್ಜು ನಿಮ್ಮನ್ನೂ ಕೇಳ್ತಾರಂತೆ, ಗಟ್ಟಿಯಾಗಿ ಹೇಳಿ, ಇಲ್ಲಾಂದ್ರೆ ಅಣ್ಣನ್ನ ಕೊಂದೋನು ಎರಡೇ ವರ್ಷಕ್ಕೆ ಹೊರಗೆ ಬಂದ್ಬಿಡ್ತಾನೆ. ಇವನೊಬ್ಬ ಹೇಳಿಕೊಡಬೇಕಿತ್ತು, ಅಣ್ಣ ಇದ್ದಾಗ ನಮ್ಮ ಹೊಸ್ತಿಲು ತುಳಿಯದವನು. ದೊಡ್ಡವನೇ ಸ್ವಾಮಿ, ದೊಡ್ಡವರ ಜೈಲಿಗೇ ಹಾಕಿ — ಇಷ್ಟೇ ಮಾತು, ನಾಲಿಗೆಯ ತುದಿಯಲ್ಲೇ ಇದೆ.

ಆ ಪ್ಯಾಂಟು ಮಾತ್ರ — ಹೊಲಿಗೆಯವಳ ಹಾಳು ಕಣ್ಣು, ಬೇಡವೆಂದರೂ ಅಲ್ಲಿಗೇ ಹೋಗುತ್ತದೆ — ಇದು ವೇಷಕ್ಕೆಂದು ತಂದ ಬಟ್ಟೆಯಲ್ಲ, ವರ್ಷವಿಡೀ ತೊಟ್ಟು ಸವೆದದ್ದು, ಅವನಮ್ಮ ತುದಿ ಬಿಚ್ಚಿ ಇಳಿಸಿದ್ದಾಳೆ, ಸೊಟ್ಟಪಟ್ಟ ಹೊಲಿಗೆ ಅವಳದೇ ಇರಬೇಕು, ಒಳಗೆ ಮಡಚಿದ್ದ ಬಟ್ಟೆಗೆ ಬಿಸಿಲು ತಾಗಿಲ್ಲ, ಅದಕ್ಕೇ ಆ ಕಡುನೀಲಿ, ಹಳೆಯ ಮಡಿಕೆಯ ಗೆರೆ ಇಸ್ತ್ರಿಗೂ ಹೋಗಿಲ್ಲ, ಅಂದರೆ ಹಿಡಿದು ಕೂರಿಸಿದ ಇಷ್ಟು ತಿಂಗಳಲ್ಲಿ ಇವನು ಉದ್ದವಾಗಿದ್ದಾನೆ, ಇನ್ನೂ ಬೆಳೆಯುತ್ತಲೇ ಇದ್ದಾನೆ, ದರಿದ್ರದವನು, ನನ್ನ ಗಂಡನನ್ನು ಮಣ್ಣಿಗೆ ಕಳಿಸಿ ಇವನು ಬೆಳೆಯುತ್ತಿದ್ದಾನೆ. ಅಷ್ಟೊಂದು ಬಟ್ಟೆಯನ್ನು ಒಳಗೆ ಯಾರು ಬಿಡುತ್ತಾರೆ, ಅರ್ಧ ಬೆರಳು ಬಿಟ್ಟರೆ ಹೆಚ್ಚು, ಇದು ಎರಡು ಬೆರಳು — ಯಾಕ್ರೀ ಹೀಗೆ ನಮ್ಮ ಬಟ್ಟೆ ದಂಡ ಮಾಡ್ತೀರಾ, ಇರ್ಲಿ ಬಿಡೇ, ಬೆಳೆಯೋ ಹುಡುಗ್ರು, ಮುಂದಿನ ವರ್ಷ ಅವರಮ್ಮಂದಿರು ಬಿಚ್ಚಿ ಇಳಿಸ್ಕೋತಾರೆ — ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈದಿದ್ದೆ, ಇವರು ನಗುತ್ತ ಹಲ್ಲಲ್ಲಿ ದಾರ ಕಡಿದಿದ್ದರು, ಕೊರಳಲ್ಲಿ ಟೇಪು ನೇತಾಡುತ್ತಿದ್ದರೂ ಬಟ್ಟೆಯ ಮೇಲೆ ಎರಡು ಬೆರಳಿಟ್ಟೇ ಅಳೆದು ಮಡಚುತ್ತಿದ್ದರು, ಈ ಹುಡುಗನ ಸ್ಕೂಲಿನ ಪ್ಯಾಂಟೆಲ್ಲ ಹೊಲಿಯುತ್ತಿದ್ದುದು ನಾವೇ, ಎರಡು ಬೆರಳು ಬಿಡುತ್ತಿದ್ದ ದಡ್ಡ ಊರಿಗೆಲ್ಲ ಇವರೊಬ್ಬರೇ. ಏನಮ್ಮಾ, ನೀವೇನಾದ್ರೂ ಹೇಳೋದಿದ್ಯಾ — ಜಡ್ಜು ನನ್ನನ್ನೇ ನೋಡುತ್ತಿದ್ದಾರೆ, ಎದ್ದು ನಿಂತಿದ್ದೇನೆ, ಅತ್ತಿಗೆ ಹೇಳಿ, ಹೇಳುತ್ತೇನೆ ತಾಳೋ, ದೊಡ್ಡವನೇ ಸ್ವಾಮಿ, ದೊಡ್ಡವನೇ — ಇರ್ಲಿ ಬಿಡೇ — ಥೂ, ಸತ್ತ ಮೇಲೂ ನಿಮ್ಮದೊಂದು ಧರ್ಮಬುದ್ಧಿ, ಸುಮ್ಮನಿರಿ, ನಿಮ್ಮ ಪರವಾಗಿಯೇ ನಿಂತಿದ್ದೇನೆ, ಬಾಯಿ ತೆರೆದಿದೆ, ದೊಡ್ಡವ — ಬೆಳೆಯೋ ಹುಡುಗ್ರು ಕಣೇ — ಎರಡು ಬೆರಳಗಲ, ಬಿಸಿಲು ಕಾಣದ ನೀಲಿ, ಇವರ ಎರಡು ಬೆರಳು