ಬೇಲಿಯಾಚೆ ಎಸೆದ ಸೊಪ್ಪು

ತೋಟದಲ್ಲಿ ಕಿತ್ತ ಕಳೆ, ಒಣಗಿದ ಹುರುಳಿಕಾಯಿ ಬಳ್ಳಿ, ಜೋಳದ ದಂಟು, ಏನೇ ಇರಲಿ ವೆಲ್ಡಾ ಬೇಲಿಯಾಚೆ ದನಗಳಿಗೆ ಎಸೆಯುವವಳು. ನೆಬ್ರಾಸ್ಕಾದ ಆ ಬಯಲಲ್ಲಿ ಯಾರು ತಾನೇ ಎಸೆಯುವುದಿಲ್ಲ? ಸುಮ್ಮನೆ ಕೊಳೆಯುವುದು ದನದ ಮೈಮೇಲೆ ಮಾಂಸವಾದರೂ ಆಗಲಿ ಅಂತ. ಇವತ್ತು ಬೆಳಿಗ್ಗೆ ಮನೆಮುಂದೆ ಚಂದಕ್ಕೆ ಬೆಳೆಸಿದ ಯೂ ಎಂಬ ಗಿಡದ ಸಾಲನ್ನು ಒಪ್ಪವಾಗಿ ಕತ್ತರಿಸಿ, ಆ ಸೊಪ್ಪನ್ನೂ ಹಾಗೇ ಎಸೆದಳು. ಪೇಟೆಯಿಂದ ಆಸೆಪಟ್ಟು ತಂದು ನೆಟ್ಟ ಗಿಡ ಅದು. ಅದರಲ್ಲಿ ವಿಷ ಇದೆ ಅಂತ ಮಾರಿದವನು ಹೇಳಲಿಲ್ಲ, ಈ ಪುಣ್ಯಾತ್ಗಿತ್ತಿಯೂ ಕೇಳಲಿಲ್ಲ. ಮೊಮ್ಮಗಳು ಟ್ರೂಡಿ ಒಂದು ತೆಕ್ಕೆ ಸೊಪ್ಪು ಎತ್ತಿಕೊಂಡು ಹೋಗಿ, ದನಗಳ ಸ್ಪರ್ಧೆಗೆಂದು ತಾನೇ ಸಾಕಿದ್ದ ಕಡಸು ಡಾಟಿಗೂ ಹಾಕಿ ಬಂದಳು.

ಮಧ್ಯಾಹ್ನದ ಊಟ ಮುಗಿಸಿ ಬರುವ ಹೊತ್ತಿಗೆ ನೀರಿನ ತೊಟ್ಟಿಯ ಪಕ್ಕ ಎರಡು ಕಡಸು ಸತ್ತು ಬಿದ್ದಿದ್ದವು.

ಗಂಡ ಆರ್ಲೋ ಒಂದರ ಬಾಯಿ ಬಿಡಿಸಿ ನೋಡಿದ. ಹಲ್ಲಿನ ಸಂದಿಯಲ್ಲಿ ಹಸಿರು ಎಲೆ ಸಿಕ್ಕಿಕೊಂಡಿತ್ತು.

"ಏನೇ ಹಾಕ್ದೆ ಇವಕ್ಕೆ?"

"ಆ ಗಿಡ ಕತ್ತರಿಸಿದ್ನಲ್ಲ, ಅದೇ..."

"ಮನೆಮುಂದೆ ಚಂದ ಕಾಣ್ಬೇಕು ಅಂತಿದ್ದೆಯಲ್ಲ. ಈಗ ನೋಡು, ಎಷ್ಟು ಚಂದ ಕಾಣ್ತಿದೆ!"

ಆರ್ಲೋ ದನದ ಡಾಕ್ಟರಮ್ಮನಿಗೆ ಫೋನ್ ಮಾಡಿದ. ಆಕೆ ಬಿಡಿಸಿ ಬಿಡಿಸಿ ಹೇಳಿದಳು: "ಇದಕ್ಕೆ ಮದ್ದಿಲ್ಲ ಆರ್ಲೋ. ಗುಂಡಿಗೆ ನಿಲ್ಲಿಸೋ ವಿಷ. ಉಳಿದವನ್ನ ಓಡಿಸ್ಬೇಡಿ, ಕೂಗ್ಬೇಡಿ, ನಾಯಿ ಬಿಡ್ಬೇಡಿ. ಬೆಚ್ಚಿದ್ರೆ ನಿಂತಲ್ಲೇ ಬಿದ್ದುಹೋಗ್ತವೆ. ಸದ್ದಿಲ್ಲದೆ ಹಾಗೇ ಬಿಟ್ರೆ ಕೆಲವಾದ್ರೂ ಉಳೀಬಹುದು. ನಾನು ಹೊರಟೆ."

"ಟ್ರೂಡಿ ಎಲ್ಲಿ?" ಅಂದ ಆರ್ಲೋ.

ಊಟ ಮುಗಿದ ಕೂಡಲೇ ಹುಡುಗಿ ಬ್ರಷ್ ಹಿಡಿದು ಕೊಟ್ಟಿಗೆಗೆ ಹೋಗಿದ್ದಳು. ವೆಲ್ಡಾಳಿಗೆ ಓಡಬೇಕು ಅನ್ನಿಸಿತು, ಓಡುವ ಹಾಗಿಲ್ಲ. ಕೂಗಬೇಕು, ಕೂಗುವ ಹಾಗಿಲ್ಲ. ಆರ್ಲೋ ನಾಯಿಯ ಕೊರಳುಪಟ್ಟಿ ಹಿಡಿದು ನಿಂತ. ಅವಳು ಬೂಟು ಕಳಚಿ, ಬರಿ ಕಾಲ್ಚೀಲದಲ್ಲೇ ನಡೆದಳು.

ಕೊಟ್ಟಿಗೆಯೊಳಗೆ ಡಾಟಿಯನ್ನು ಗೋದಲಿಗೆ ಕಟ್ಟಿದ್ದರು. ಕಡಸಿಗೂ ಹಲಗೆಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಟ್ರೂಡಿ ಕುಕ್ಕರಗಾಲಲ್ಲಿ ಕೂತು ಕಾಲು ಉಜ್ಜುತ್ತಿದ್ದಳು. ಅಷ್ಟು ದೊಡ್ಡ ಕರಿ ಮೈ ಅವಳ ತಲೆಯ ಮೇಲೇ ಇತ್ತು.

"ಅಜ್ಜೀ, ಡಾಟಿ ನಡುಗ್ತಿದಾಳೆ ನೋಡು. ಸ್ಪರ್ಧೆ ಅಂದ್ರೆ ಈಗ್ಲೇ ಭಯ, ಪುಕ್ಕಲಿ!"

ಅಯ್ಯೋ ದೇವರೇ. ವೆಲ್ಡಾ ನಗುಮುಖ ಮಾಡಿಕೊಂಡಳು. ಹೇಗೆ ಮಾಡಿಕೊಂಡಳೋ ಅವಳಿಗೇ ಗೊತ್ತು.

"ಪುಟ್ಟೀ, ಬ್ರಷ್ ಅಲ್ಲೇ ಬಿಡು. ಮೆಲ್ಲಗೆ ಎದ್ದು ಗೋದಲಿ ಹತ್ತಿ ಈ ಕಡೆ ಬಾ."

"ಈ ಕಾಲೊಂದು ಮುಗಿಸ್ಬಿಡ್ತೀನಿ."

"ಈಗ್ಲೇ ಬಾ, ಚಿನ್ನ."

"ಯಾಕೆ?"

ಸುಳ್ಳು ಹೇಳಲು ನೋಡಿದಳು. ಒಂದೂ ಹೊಳೆಯಲಿಲ್ಲ. "ಬೆಳಿಗ್ಗೆ ನಾನು ಕತ್ತರಿಸಿದ ಸೊಪ್ಪು ವಿಷ, ಟ್ರೂಡಿ. ತಪ್ಪು ನಂದು. ಡಾಟಿ ಬೀಳ್ಬಹುದು. ನೀನು ಸದ್ದು ಮಾಡದೆ ಬಂದ್ಬಿಡು."

ಹುಡುಗಿಯ ಮುಖ ಬಿಳಿಚಿತು. ಬ್ರಷ್ ಕೆಳಗಿಟ್ಟಳು. ಗೋದಲಿಯ ಮೇಲೆ ಒಂದು ಮೊಣಕಾಲು ಊರಿದಳು, ಇನ್ನೊಂದು ಊರಿದಳು. ಡಾಟಿ ಅವಳ ತೋಳನ್ನು ಮೂಸಿತು. "ಹೋಗ್ಬರ್ತೀನಿ ಕಣೇ," ಅಂತ ಅದರ ಮೂತಿ ಮುಟ್ಟಿದಳು. ವೆಲ್ಡಾ ಕೈ ಚಾಚಿ ಅವಳನ್ನು ಬರಸೆಳೆದುಕೊಂಡಳು.

ಅಷ್ಟರಲ್ಲಿ ಡಾಟಿಯ ಹಿಂಗಾಲು ಕುಸಿಯಿತು. ಇಡೀ ಮೈ ಗೋಡೆಯ ಕಡೆ ವಾಲಿ, ಬ್ರಷ್ ಇದ್ದ ಜಾಗದ ಮೇಲೆ ಬಿತ್ತು. ಮತ್ತೆ ಕದಲಲಿಲ್ಲ.

ಟ್ರೂಡಿ ಚೀರಲು ಬಾಯಿ ತೆರೆದಳು. ಡಾಟಿ ಬಿದ್ದ ಸದ್ದಿಗೆ ಕೊಟ್ಟಿಗೆಯ ಬಾಗಿಲಾಚೆ ಉಳಿದ ಕಡಸುಗಳು ಕಿವಿ ನಿಮಿರಿಸಿ ಇತ್ತಲೇ ನೋಡುತ್ತಿದ್ದವು. ವೆಲ್ಡಾ ಮೊಮ್ಮಗಳ ಬಾಯನ್ನು ಅಂಗೈಯಿಂದ ಅದುಮಿ ಹಿಡಿದಳು. ಹುಡುಗಿ ಕೊಸರಾಡಿದಳು, ಒದ್ದಳು, ಅಜ್ಜಿಯ ಕೈಯನ್ನು ಸಿಟ್ಟಿನಿಂದ ಕಚ್ಚಿದಳು. ರಕ್ತ ಬಂತು.

"ಕಚ್ಚು ನನ್ನವ್ವ, ಎಷ್ಟು ಬೇಕೋ ಅಷ್ಟು ಕಚ್ಚು," ವೆಲ್ಡಾ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಕೂಗ್ಬೇಡ, ಅಷ್ಟೇ."

ಹುಡುಗಿ ಕಚ್ಚುತ್ತಲೇ ಇದ್ದಳು. ವೆಲ್ಡಾ ಕೈ ತೆಗೆಯಲಿಲ್ಲ.