ಗೆರೆಯಿಲ್ಲದ ಹೆಬ್ಬೆಟ್ಟು

ಪ್ರಿನ್ಸಿಪಾಲರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಎರಡೂ ತನ್ನ ವಿಷಯದ್ದೇ ಎಂದು ಬಾಗಿಲಲ್ಲಿ ನಿಂತಾಗಲೇ ಎರ್ರೆಮ್ಮನಿಗೆ ಗೊತ್ತಾಯಿತು. ಒಂದು, ಕಾಲೇಜಿನ ಸಹಾಯ ನಿಧಿಗೆ ಅವಳೇ ತುಂಬಿ ಕೊಟ್ಟಿದ್ದ ಅರ್ಜಿ. ಇನ್ನೊಂದು, ಸಂಡೂರಿನ ಗುಡ್ಡದ ಮೇಲಿನ ಮ್ಯಾಂಗನೀಸ್ ಗಣಿಯ ಕಂಪನಿಯಿಂದ ಬಂದ ಪತ್ರ. ‘ನಮ್ಮ ಕಾರ್ಮಿಕರಾದ ಕರೆಮ್ಮ ಇವರ ಮಗಳ ಕಾಲೇಜು ಫೀಯನ್ನು ಕಂಪನಿ ಕೊಡುತ್ತದೆ, ರಸೀದಿ ಕಳಿಸಿ’ ಎಂದು ಅದರಲ್ಲಿತ್ತು.

ಆ ಕರೆಮ್ಮ, ಅಂದರೆ ಎರ್ರೆಮ್ಮನ ಅವ್ವ, ಪಕ್ಕದಲ್ಲೇ ನಿಂತಿದ್ದಳು. ಪ್ರಿನ್ಸಿಪಾಲ್ ವಿರುಪಾಕ್ಷಪ್ಪ ಹೇಳಿಕಳಿಸಿದ್ದಾರೆಂದು ಒಂದು ದಿನದ ಕೂಲಿ ಬಿಟ್ಟು, ಅದಿರಿನ ಲಾರಿ ಹತ್ತಿ ಹೊಸಪೇಟೆಗೆ ಬಂದಿದ್ದಳು. ಮಗಳಿಗೆ ಬಹುಮಾನ ಕೊಡಲು ಕರೆದಿರಬೇಕೆಂದು ಇಳಕಲ್ ಸೀರೆ ಬೇರೆ ಉಟ್ಟಿದ್ದಳು. ಅದನ್ನು ನೋಡಿಯೇ ಎರ್ರೆಮ್ಮನಿಗೆ ಅಳು ಬರುವಂತಾಗಿತ್ತು.

ಅರ್ಜಿಯಲ್ಲಿ ಪಾಲಕರ ಮಾತೆಂದು ಅಚ್ಚಾದ ಒಂದು ಸಾಲಿತ್ತು: ‘ನನ್ನ ಮಗಳ ಓದಿಗೆ ಬೇರೆ ಕಡೆಯಿಂದ ಯಾವ ಸಹಾಯವೂ ಇಲ್ಲ.’ ಕೆಳಗೆ ಪಾಲಕರ ರುಜುವಿಗೆ ಜಾಗ. ಕಂಪನಿ ಕೊಡುವುದು ಫೀ ಮಾತ್ರ, ಹಾಸ್ಟೆಲ್ಲಿನ ಊಟಕ್ಕೆ ಒಂದು ಪೈಸೆಯಿಲ್ಲ. ದಿನಾ ಬಂದು ಹೋಗಲು ಎಂಬತ್ನಾಲ್ಕನೆಯ ಇಸವಿಯಲ್ಲಿ ಗುಡ್ಡದ ತನಕ ಬಸ್ಸೆಲ್ಲಿತ್ತು? ಊಟದ ಹಣ ಹುಟ್ಟದಿದ್ದರೆ ಓದು ಬಿಟ್ಟು ಅವ್ವನ ಪಕ್ಕ ಕೂತು ಅದಿರು ಆರಿಸಬೇಕು, ಅಷ್ಟೇ. ಕಂಪನಿಯ ನೆರವಿದ್ದವರ ಅರ್ಜಿಯನ್ನು ಇಲ್ಲಿ ಮೂಸಿಯೂ ನೋಡುವುದಿಲ್ಲ ಎಂದು ಹಾಸ್ಟೆಲ್ಲಿನಲ್ಲಿ ಯಾರೋ ಹೆದರಿಸಿದ್ದರು. ದೊಡ್ಡವರನ್ನು ಕೇಳಿ ತಿಳಿದುಕೊಳ್ಳುವ ಬದಲು ಹುಡುಗಿ ಆ ಸಾಲನ್ನು ಹಾಗೆಯೇ ಬಿಟ್ಟು, ಕೆಳಗೆ ತನ್ನದೇ ಹೆಬ್ಬೆಟ್ಟು ಒತ್ತಿದ್ದಳು. ಹದಿನೇಳರ ಬುದ್ಧಿ!

ಒತ್ತುವಾಗ ಅದು ತಪ್ಪೆಂದು ಅವಳಿಗೆ ಅನಿಸಿರಲಿಲ್ಲ. ಅದಕ್ಕೂ ಕಾರಣವಿತ್ತು. ಇಪ್ಪತ್ತು ವರ್ಷ ಅದಿರು ಆರಿಸಿದ ಹೆಂಗಸರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ. ಸಂಬಳದ ಕಿಟಕಿಯಲ್ಲಿ ಮಸಿ ಹಚ್ಚಿ ಒತ್ತಿದರೆ ಬರಿ ಕಪ್ಪು ಬೊಟ್ಟು. ರಿಜಿಸ್ಟರಿನಲ್ಲಿ ಗೆರೆ ಕಾಣಲೇಬೇಕೆಂದು ಗುಮಾಸ್ತರ ಹಟ. ಹಾಗಾಗಿ ಮಕ್ಕಳೋ ಸೊಸೆಯರೋ ಅವರ ಪರವಾಗಿ ಒತ್ತುವುದು ಗುಡ್ಡದ ಮೇಲೆ ರೂಢಿ. ಎರ್ರೆಮ್ಮ ಹತ್ತನೆಯ ವಯಸ್ಸಿನಿಂದ, ಹಾಸ್ಟೆಲ್ ಸೇರಿದ ಮೇಲೂ ಅದಿರಿನ ಲಾರಿಯಲ್ಲಿ ಹೋಗಿ, ಪ್ರತಿ ಶನಿವಾರ ಅವ್ವನ ಹೆಬ್ಬೆಟ್ಟಾಗಿದ್ದಳು. ಅಲ್ಲಿ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ, ಯಾಕೆಂದರೆ ಅವ್ವ ಪಕ್ಕದಲ್ಲೇ ನಿಂತಿರುತ್ತಿದ್ದಳು.

“ಬರ್ರಿ, ಕುಂದ್ರಿ,” ಎಂದರು ವಿರುಪಾಕ್ಷಪ್ಪ. ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ಕಂಪನಿ ಫೀ ಕೊಡತೈತಂತ ಇದರಾಗ ಐತಿ. ಯಾರೂ ಏನೂ ಕೊಡಂಗಿಲ್ಲಂತ ಇದರಾಗ ನಿಮ್ಮ ಹೆಬ್ಬೆಟ್ಟೈತಿ. ಯಾವುದು ಖರೆ? ಮಧ್ಯಾಹ್ನ ಕಮಿಟಿ ಕೂಡತೈತಿ. ಸುಳ್ಳಂತ ಆದ್ರ ಹುಡುಗಿ ಹೆಸರು ಕಾಲೇಜಿನಿಂದಾನ ತೆಗೀತಾರ.”

ಕರೆಮ್ಮ ಕೂಡಲಿಲ್ಲ. ಅರ್ಜಿಯತ್ತ ಬಗ್ಗಿ ನೋಡಿದಳು. ಓದು ಬಾರದವಳು ನಿಜ, ಆದರೆ ಕಲ್ಲು ಯಾವುದು ಅದಿರು ಯಾವುದು ಎಂದು ಕೈಗೆತ್ತಿಕೊಂಡ ಕೂಡಲೇ ಹೇಳುವವಳು. ಆ ಹೆಬ್ಬೆಟ್ಟಿನಲ್ಲಿ ಗೆರೆಗಳು ಒಂದೊಂದೂ ಎಣಿಸುವಂತೆ ಮೂಡಿದ್ದವು. ಅವಳು ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು.

“ನಂದ ರೀ ಸಾರ್,” ಎಂದಳು ಕರೆಮ್ಮ. “ನಾನ ಒತ್ತೀನಿ. ಹುಡುಗಿಗೆ ಏನೂ ಗೊತ್ತಿಲ್ರಿ. ನನಗ ಓದಾಕ ಬರಂಗಿಲ್ಲ, ತಪ್ಪಾತು.”

ನಾಚಿಕೆಪಡುವ ಮಾತು, ಆದರೂ ಹೇಳಿಬಿಡಬೇಕು: ಎರ್ರೆಮ್ಮ ಆ ಗಳಿಗೆ ‘ಬದುಕಿದೆ’ ಎಂದುಕೊಂಡಳು.

ವಿರುಪಾಕ್ಷಪ್ಪ ಮಸಿಯ ಡಬ್ಬಿ ಮುಂದೆ ದೂಡಿದರು. “ಹಂಗಾದ್ರ ಇಲ್ಲಿ ಇನ್ನೊಮ್ಮೆ ಒತ್ರಿ, ನೋಡೂಣು.”

ಕರೆಮ್ಮ ಹೆಬ್ಬೆರಳನ್ನು ಸೆರಗಿಗೆ ಉಜ್ಜಿಕೊಂಡಳು. ಮತ್ತೆ ಉಜ್ಜಿದಳು. ಉಜ್ಜಿದರೆ ಗೆರೆ ಬರುತ್ತದೆಯೇ? ಆ ಕೈ ಮಸಿಯತ್ತ ಹೋಗುವುದನ್ನು ಎರ್ರೆಮ್ಮನಿಂದ ನೋಡಲಾಗಲಿಲ್ಲ. ಸುಳ್ಳು ತನ್ನದು, ಸಿಕ್ಕಿಬೀಳುವವಳು ಅವ್ವ.

“ಬ್ಯಾಡವ್ವ!” ಅವಳು ಆ ಕೈ ಹಿಡಿದಳು. “ಸಾರ್, ಅದು ನನ್ನ ಹೆಬ್ಬೆಟ್ಟು. ಅವ್ವಗ ಈ ಅರ್ಜಿ ಸುದ್ದಿನ ಗೊತ್ತಿಲ್ರಿ. ಫೀ ಕಂಪನಿ ಕೊಡತೈತಿ, ಊಟಕ್ಕ ಯಾರೂ ಕೊಡಂಗಿಲ್ಲ. ಹೇಳಿದ್ರ ಓದ ನಿಲ್ಲತೈತಂತ ಮುಚ್ಚಿಟ್ಟೆ.”

ವಿರುಪಾಕ್ಷಪ್ಪ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಮತ್ತೊಮ್ಮೆ ಓದಿದರು. ಹೊರಗೆ ತರಗತಿಯ ಗಂಟೆ ಹೊಡೆಯಿತು.

“ಹುಚ್ಚಿ,” ಎಂದರು ಕೊನೆಗೆ. “ಒಂದ ಫೀಗೆ ಎರಡು ಕಡೆ ರೊಕ್ಕ ಇಸಗೊಂಡ್ರ ತಪ್ಪು. ಫೀ ಅವರು ಕೊಡ್ಲಿ. ಊಟಕ್ಕ ನಿಧಿಯಿಂದ ಕೇಳಾಕ ಯಾರು ಬ್ಯಾಡಂದ್ರು? ಒಂದು ಮಾತು ಕೇಳಿದ್ರ ನಾನ ಹೇಳ್ತಿದ್ದೆ.” ಹಳೆಯ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿ ಹೊಸದೊಂದನ್ನು ಮುಂದಿಟ್ಟರು. “ಖರೇದ್ದು ಬರಿ. ಕಮಿಟಿ ಕೊಟ್ಟಾ ಕೊಡತೈತಂತ ಮಾತ್ರ ನಾ ಹೇಳಂಗಿಲ್ಲ.”

ಎರ್ರೆಮ್ಮ ಆ ಅಚ್ಚಿನ ಸಾಲನ್ನು ಹೊಡೆದುಹಾಕಿ ಬರೆದಳು. ಫೀ ಕಂಪನಿಯದು, ಬೇಕಾದದ್ದು ಊಟದ ಖರ್ಚು. ಕೆಳಗೆ ಕರೆಮ್ಮ ಒತ್ತಿದಳು. ಬರಿ ಕಪ್ಪು ಬೊಟ್ಟು ಮೂಡಿತು.

“ಇದನ್ನ ಒಪ್ಪತಾರೇನ್ರಿ?” ಎಂದು ಕರೆಮ್ಮ ಕೇಳಿದಳು.

ವಿರುಪಾಕ್ಷಪ್ಪ ಅದರ ಪಕ್ಕದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿದರು: “ಇದು ತಾಯಿ ಕರೆಮ್ಮನವರ ಹೆಬ್ಬೆಟ್ಟು. ದುಡಿದು ಗೆರೆ ಸವೆದಿವೆ. ನನ್ನ ಎದುರಿಗೇ ಒತ್ತಿದ್ದು.” ಕೆಳಗೆ ರುಜು ಹಾಕಿದರು.

ನಾಲ್ಕು ಗಂಟೆಗೆ ಸಹಾಯ ಸಿಕ್ಕವರ ಪಟ್ಟಿ ಹಚ್ಚಿದರು. ಎರ್ರೆಮ್ಮನ ಹೆಸರು ಎಲ್ಲಕ್ಕಿಂತ ಕೊನೆಗಿತ್ತು, ಆದರೆ ಇತ್ತು.

ಕಾಲುವೆಯ ಏರಿಯ ಮೇಲೆ ಬಸ್‌ಸ್ಟ್ಯಾಂಡಿನ ಕಡೆಗೆ ನಡೆಯುವಾಗ ಕರೆಮ್ಮ ಮಗಳನ್ನು ಹಿಂದೆ ಬಿಟ್ಟು ಸರಸರ ಮುಂದೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಮಗಳಿಗೆ ಅನಿಸಿತು. ಸಂಡೂರಿನ ಬಸ್ಸು ಹತ್ತುವ ಮುಂಚೆ ಕರೆಮ್ಮ ನಿಂತು ಹೇಳಿದಳು:

“ಶನಿವಾರ ಸಂಬಳಕ್ಕ ನೀ ಬರೂದು ಬ್ಯಾಡ. ಇನ್ನ ಮ್ಯಾಲೆ ನಂದು ನಾನ ಒತ್ತತೀನಿ. ಗೆರಿ ಇಲ್ಲಂದ್ರ, ಆ ಸಾರ್ ಬರದಂಗ ಬರ್ಕೊಳ್ರಿ ಅಂತೀನಿ.”