ಇಲ್ಲದ ಹೆಬ್ಬೆರಳು

ಮರಿಯಪ್ಪನ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಿ ಹದಿನೆಂಟು ದಿನವಾಗಿತ್ತು. ಆ ಕಾಲಿನ ಹೆಬ್ಬೆರಳು ಈಗ ನೋಯುತ್ತಿತ್ತು.

ಇದ್ದಾಗ ಅದು ಅವನಿಗೆ ನೋವು ಕೊಟ್ಟಿದ್ದೇ ಇಲ್ಲ. ಸಕ್ಕರೆ ಕಾಯಿಲೆ ಅಂಟಿ ಹತ್ತು ವರ್ಷಕ್ಕೆ ಪಾದಗಳೆರಡೂ ಮರಗಟ್ಟಿದ್ದವು. ಚುಚ್ಚಿದರೆ ಮುಳ್ಳೇ ಮುರಿಯಬೇಕು ಎಂದು ಸಾತನೂರಿನ ಟೀ ಅಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದ. ಹೆಂಡತಿ ಹನುಮಂತಮ್ಮ ಮಂಡಿ ನೋವೆಂದು ಗೋಡೆ ಹಿಡಿದು ಎದ್ದರೆ ಮಾತ್ರ ರೇಗುತ್ತಿತ್ತು.

"ಹುಳಕ್ಕೆ ಸೊಪ್ಪು ಕುಯ್ಯೋ ಹೊತ್ಗೇ ನೋಯ್ತದಲ್ಲ ನಿನ್ ಮಂಡಿ. ನಾಟ್ಕ ಬುಡು."

ಹೋದ ವರ್ಷ ಕನಕಪುರದಲ್ಲಿ ಡಾಕ್ಟರ್ ಶಾಲಿನಿ ಅವನ ಕಣ್ಣು ಮುಚ್ಚಿಸಿ, ಗಾಳದ ದಾರದಂಥ ಎಳೆಯನ್ನು ಪಾದಕ್ಕೆ ಮುಟ್ಟಿಸುತ್ತ, ಗೊತ್ತಾದಾಗಲೆಲ್ಲ ಹೇಳಿ ಎಂದಿದ್ದರು. ಅವನಿಗೆ ಒಂದೂ ಗೊತ್ತಾಗಲಿಲ್ಲ. ಆದರೆ ಅವರು ಬಗ್ಗಿದಾಗಲೆಲ್ಲ ಕುರ್ಚಿ ಕಿರ್ ಎನ್ನುತ್ತಿತ್ತು. ಕಿರ್ ಎಂದಾಗಲೆಲ್ಲ ಮರಿಯಪ್ಪ ಹೂಂ ಎಂದ. ನಿಜ ಹೇಳಿದರೆ ಎಲ್ಲೂ ಬರಿಗಾಲಲ್ಲಿ ಓಡಾಡಬೇಡಿ ಎನ್ನುತ್ತಾರೆ. ರೇಷ್ಮೆ ಹುಳ ಸಾಕುವ ಮನೆಗೆ ಯಾವನಾದರೂ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾನೆಯೇ? ಹುಳಕ್ಕೆ ರೋಗ ತಗುಲಿದರೆ ಬೆಳೆಯೇ ಹೋಯಿತು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ತುಳಿದು ಬರಿಗಾಲಲ್ಲೇ ಒಳಗೆ ಹೋಗಬೇಕು. ಪಾದ ಚೆನ್ನಾಗಿದೆ ಎಂದು ಬರೆಸಿಕೊಂಡು ನಗುತ್ತ ಬಸ್ಸು ಹತ್ತಿದ್ದ.

ಈ ಶ್ರಾವಣದಲ್ಲಿ ತೋಟದಲ್ಲಿ ಹಿಪ್ಪುನೇರಳೆ ಕಡ್ಡಿ ಕತ್ತರಿಸಿ ಉಳಿದಿದ್ದ ಚೂಪು ಕೂಳೆ ಅಂಗಾಲಿಗೆ ಹೊಕ್ಕಿತು. ಒಂಬತ್ತು ದಿನ ಆ ತೂತಿನ ಮೇಲೇ ಓಡಾಡಿದ, ಅದೇ ಕಾಲಲ್ಲಿ ಬ್ಲೀಚಿಂಗ್ ಪುಡಿ ತುಳಿದ. ಹುಳದ ಮನೆಯಲ್ಲಿ ನಾತ ಎದ್ದಾಗ, ಹುಳ ಸಾಯಿಸಿದೆ ಎಂದು ಹೆಂಡತಿಯನ್ನು ಬೈದು ತಟ್ಟೆ ತಟ್ಟೆಯನ್ನೂ ಹುಡುಕಿಸಿದ. ಹುಳ ಒಂದೂ ಸತ್ತಿರಲಿಲ್ಲ. ನಾತ ಅವನ ಕಾಲಿನದು.

ಕತ್ತರಿಸಿದ ಮೇಲೆ ಶುರುವಾದ ನೋವಿಗೆ ಶಾಲಿನಿ ಕಾರಣ ಹೇಳಿದರು. ಪಾದದ ಸುದ್ದಿ ಒಯ್ಯುವ ನರ ಎಂದೋ ಕೆಟ್ಟಿತ್ತು, ಈಗ ತುಂಡೇ ಆಗಿದೆ. ಮಿದುಳಿನಲ್ಲಿ ಪಾದಕ್ಕೆಂದು ಇರುವ ಜಾಗ ಮಾತ್ರ ಹಾಗೇ ಉಳಿದಿದೆ. ಸುದ್ದಿ ಬಾರದೆ ಹೋದರೆ ಅದು ತಾನೇ ನೋವು ಹುಟ್ಟಿಸಿಕೊಳ್ಳುತ್ತದೆ. ಇದು ನಿಜವಾದ ನೋವೇ, ಮಾತ್ರೆಗೆ ನಿಧಾನವಾಗಿ ಬಗ್ಗೀತು ಎಂದರು. ಹನುಮಂತಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು.

ಮನೆಗೆ ಬಂದ ಮೇಲೆ, ಆ ಹದಿನೆಂಟನೆಯ ದಿನ ಮಧ್ಯಾಹ್ನ ಹೆಬ್ಬೆರಳನ್ನು ಯಾರೋ ಇಕ್ಕಳದಲ್ಲಿ ಹಿಡಿದು ತಿರುಚಿದಂತಾಯಿತು. ಬೆವರುತ್ತ ಅವಳನ್ನು ಕೂಗಿದ.

"ಹೆಬ್ಬೆಟ್ಟು ಕಿತ್ಕಂಡ್ ಹೋಯ್ತಾ ಐತೆ ಕಣಮ್ಮಿ. ಒಸಿ ಮುಲಾಮು ಹಚ್ಚು."

"ಎಲ್ಲಿಗೆ ಹಚ್ಲಿ?"

"ಅವತ್ತು ಡಾಕ್ಟ್ರಮ್ಮಂಗೆ ಸುಳ್ ಹೇಳ್ದೆ. ಇದು ಸುಳ್ಳಲ್ಲ, ನಂಬು."

"ನಂಬ್ತೀನಿ," ಎಂದಳು ಹನುಮಂತಮ್ಮ. "ನಂದೂ ಸುಳ್ಳಾಗಿರ್ನಿಲ್ಲ."

ಮಂಚದ ತುದಿಯಲ್ಲಿ ಕೂತು ಸೀರೆ ಮೇಲಕ್ಕೆ ಸರಿಸಿ, ಎರಡೂ ಮಂಡಿಗೆ ನಿಧಾನವಾಗಿ ಮುಲಾಮು ತಿಕ್ಕಿಕೊಂಡಳು. ಡಬ್ಬಿಯನ್ನು ಮುಚ್ಚಿ, ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಕಡೆ, ಅವನ ಪಾದ ಇರಬೇಕಾಗಿದ್ದ ಜಾಗದಲ್ಲಿ ಇಟ್ಟಳು. ಆಮೇಲೆ ಗೋಡೆ ಹಿಡಿದು ಎದ್ದು ಸೊಪ್ಪು ಕುಯ್ಯಲು ಹೋದಳು.